ಹಳೆಯ ಕಾರಿಗೆ ಎ.ಸಿ.: ಪುಲ್ಲಿ ಮತ್ತು ಬೆಲ್ಟಿನ ಲೆಕ್ಕ

ಏಪ್ರಿಲ್, ಮೇ ತಿಂಗಳು ಬಂತೆಂದರೆ ಕಲಬುರಗಿ, ರಾಯಚೂರು ಕಡೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಹಳೆಯ ಅಂಬಾಸಿಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಜತನದಿಂದ ಇಟ್ಟುಕೊಂಡವರಿಗೆ ಒಂದು ಆಸೆ ಹುಟ್ಟುತ್ತದೆ. ಇದಕ್ಕೊಂದು ಎ.ಸಿ. ಹಾಕಿಸಿಬಿಟ್ಟರೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಹಗಲು ಹೊತ್ತಿನಲ್ಲೇ ಊರಿಗೆ ಹೋಗಿ ಬರಬಹುದಲ್ಲ ಎಂದು. ಆಸೆ ನ್ಯಾಯವಾದದ್ದೇ, ಕೆಲಸವೂ ಆಗುವಂಥದ್ದೇ. ಆದರೆ ಹೀಗೆ ಹಾಕಿಸಿಕೊಂಡವರಲ್ಲಿ ಹಲವರು ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಅದನ್ನು ಬಿಚ್ಚಿಸಿ ಗ್ಯಾರೇಜಿನ ಮೂಲೆಗೆ ಹಾಕುವುದನ್ನು ಕಂಡಿದ್ದೇನೆ. ಕೇಳಿದರೆ ಕಂಪ್ರೆಸರ್ ಸರಿಯಿಲ್ಲ, ಎಂಜಿನ್ ಎಳೆಯುವುದಿಲ್ಲ, ಯಾವಾಗಲೂ ಕಿರ್ ಎಂದು ಕೂಗುತ್ತದೆ ಎನ್ನುತ್ತಾರೆ. ಬಾನೆಟ್ ಎತ್ತಿ ನೋಡಿದರೆ ಹೆಚ್ಚಿನ ಸಲ ದೋಷವಿರುವುದು ಬೆಲ್ಟು ಹಾದುಹೋಗುವ ದಾರಿಯಲ್ಲಿ. ಇಡೀ ಎ.ಸಿ. ಜೋಡಣೆಯಲ್ಲಿ ಅತಿ ಅಗ್ಗದ ವಸ್ತು ಆ ಬೆಲ್ಟು. ಅದರ ದಾರಿಯನ್ನು ಸರಿಯಾಗಿ ಹಾಕುವುದೇ ಅತಿ ಕಷ್ಟದ ಕೆಲಸ.

ಕಾರಿನ ಎ.ಸಿ.ಗೆ ಬೆಲ್ಟಿನ ತೊಂದರೆ ಹುಟ್ಟಿನಿಂದಲೇ ಬಂದದ್ದು. ಅಮೆರಿಕದ ಪ್ಯಾಕಾರ್ಡ್ ಕಂಪನಿ ತನ್ನ 1940ರ ಮಾಡೆಲ್ ಕಾರುಗಳಿಗೆ ಎ.ಸಿ. ಕೊಟ್ಟಿತು. ತಂಪಾಗುವ ಕಾಯಿಲ್ ಹಿಂದೆ ಡಿಕ್ಕಿಯಲ್ಲಿ, ಕಂಪ್ರೆಸರ್ ಮುಂದೆ ಎಂಜಿನ್ನಿನ ಬಳಿ. ಆ ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಎಂಜಿನ್ ತಿರುಗುವಷ್ಟು ಹೊತ್ತೂ ಅದೂ ತಿರುಗುತ್ತಲೇ ಇರಬೇಕು. ಚಳಿಗಾಲದಲ್ಲಿ ಬೇಡವೆನಿಸಿದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟನ್ನೇ ಕಳಚಿಡಬೇಕು. 1941ರ ನಂತರ ಪ್ಯಾಕಾರ್ಡ್ ಈ ಸೌಕರ್ಯವನ್ನು ಕೈಬಿಟ್ಟಿತು. ಮುಂದೆ ವಿದ್ಯುತ್ಕಾಂತದ ಕ್ಲಚ್ ಬಂದ ಮೇಲೆ ಈ ಕಷ್ಟ ನೀಗಿತು. ಈಗ ಬೆಲ್ಟು ಪುಲ್ಲಿಯನ್ನು ಸದಾ ತಿರುಗಿಸುತ್ತದೆ, ಆದರೆ ಪುಲ್ಲಿ ತನ್ನ ಬೇರಿಂಗಿನ ಮೇಲೆ ಬಿಡುವಾಗಿ ಸುತ್ತುತ್ತಿರುತ್ತದೆ. ಸ್ವಿಚ್ ಒತ್ತಿದಾಗ ಸುರುಳಿಗೆ ಕರೆಂಟು ಹರಿದು ಮುಂದಿನ ತಟ್ಟೆಯನ್ನು ಪುಲ್ಲಿಗೆ ಅಂಟಿಸುತ್ತದೆ. ಟಕ್ ಎಂದು ಕೇಳಿಸುವ ಸದ್ದು ಅದೇ. ಅಲ್ಲಿಂದ ಒಳಗಿನ ಪಿಸ್ಟನ್ನುಗಳು ಕೆಲಸಕ್ಕೆ ತೊಡಗುತ್ತವೆ. ಆ ಕ್ಷಣದಲ್ಲಿ ಬೆಲ್ಟಿನ ಮೇಲೆ ಒಂದೇ ಸಲಕ್ಕೆ ಭಾರ ಬೀಳುತ್ತದೆ. ಬೆಲ್ಟಿನ ವಿಚಾರದಲ್ಲಿ ಮಾಡುವ ಲೆಕ್ಕವೆಲ್ಲ ಆ ಕ್ಷಣಕ್ಕಾಗಿ.

ನಮ್ಮ ಹಳೆಯ ಕಾರುಗಳನ್ನು ಈ ಭಾರಕ್ಕಾಗಿ ಮಾಡಿದ್ದಲ್ಲ. ಅಂಬಾಸಿಡರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿ.ಎಂ.ಸಿ. ಕಂಪನಿಯದು. ಪದ್ಮಿನಿಯದು ಫಿಯಾಟಿನ 1089 ಸಿ.ಸಿ. ಎಂಜಿನ್, ಅದರ ಬಲ 40 ಅಶ್ವಶಕ್ತಿಯ ಆಸುಪಾಸು. ಅಂಥ ಎಂಜಿನ್ನಿನಿಂದ ಕಂಪ್ರೆಸರ್ ಎರಡು, ಮೂರು, ಕೆಲವೊಮ್ಮೆ ನಾಲ್ಕು ಅಶ್ವಶಕ್ತಿಯನ್ನು ಎಳೆದುಕೊಳ್ಳುತ್ತದೆ. ಹತ್ತರಲ್ಲಿ ಒಂದು ಭಾಗ ಹೋಯಿತೆಂದೇ ಲೆಕ್ಕ. ಇಂಥ ಎಂಜಿನ್ನುಗಳ ಮುಂದುಗಡೆ ಕ್ರ್ಯಾಂಕ್ ಪುಲ್ಲಿಗೆ ಇರುವುದು ಸಾಮಾನ್ಯವಾಗಿ ಒಂದೇ ತೋಡು. ಆ ಒಂದು ತೋಡಿನ ಫ್ಯಾನ್ ಬೆಲ್ಟು ವಾಟರ್ ಪಂಪು, ಫ್ಯಾನು, ಡೈನಮೊ ಮೂರನ್ನೂ ತಿರುಗಿಸುತ್ತದೆ. ಕಂಪ್ರೆಸರಿಗೆ ಅಲ್ಲಿ ಜಾಗವಿಲ್ಲ.

ಕೆಲವರು ಫ್ಯಾನ್ ಬೆಲ್ಟನ್ನೇ ಉದ್ದದ್ದು ತಂದು ಕಂಪ್ರೆಸರನ್ನೂ ಅದಕ್ಕೇ ಸಿಕ್ಕಿಸುತ್ತಾರೆ. ಇದನ್ನು ದಯವಿಟ್ಟು ಮಾಡಿಸಬೇಡಿ. ಕಂಪ್ರೆಸರಿಗಾಗಿ ಬೆಲ್ಟನ್ನು ಬಿಗಿದಷ್ಟೂ ವಾಟರ್ ಪಂಪಿನ ಬೇರಿಂಗು ಸವೆಯುತ್ತದೆ. ಬೆಲ್ಟು ತುಂಡಾದರೆ ಎ.ಸಿ. ಜೊತೆಗೆ ಎಂಜಿನ್ನಿನ ನೀರಿನ ಓಟವೂ ನಿಲ್ಲುತ್ತದೆ. ರಾಯಚೂರಿನ ರಸ್ತೆಯಲ್ಲಿ ಮಧ್ಯಾಹ್ನ ಅದಾದರೆ ಸಿಲಿಂಡರ್ ಹೆಡ್ಡೇ ಹೋಗಬಹುದು. ಕಂಪ್ರೆಸರಿಗೆ ಅದರದೇ ಬೆಲ್ಟು, ಅದರದೇ ತೋಡು ಇರಬೇಕು. ಹಾಗಿದ್ದಾಗ ಆ ಬೆಲ್ಟು ಕಿತ್ತುಹೋದರೂ ಕಿಟಕಿ ಇಳಿಸಿಕೊಂಡು ಮನೆ ಸೇರಬಹುದು.

ಆ ಹೊಸ ತೋಡು ಬರುವುದು ಎರಡು ದಾರಿಯಲ್ಲಿ. ಎರಡು ತೋಡಿನ ಕ್ರ್ಯಾಂಕ್ ಪುಲ್ಲಿಯನ್ನೇ ಹಾಕುವುದು ಒಂದು. ಇರುವ ಪುಲ್ಲಿಯ ಮುಂದೆ ಇನ್ನೊಂದು ಪುಲ್ಲಿಯನ್ನು ಬೋಲ್ಟು ಮಾಡುವುದು ಮತ್ತೊಂದು. ನಮ್ಮ ಲೇತ್ ಅಂಗಡಿಗಳ ಟರ್ನರುಗಳು ಬೀಡುಕಬ್ಬಿಣದ ಗಟ್ಟಿಯಿಂದ ಇಂಥ ಪುಲ್ಲಿಯನ್ನು ಸೊಗಸಾಗಿ ತೆಗೆದುಕೊಡುತ್ತಾರೆ. ಅವರ ಕೈಗೆ ಕೆಲಸ ಕೊಡುವಾಗ ನಾವು ಹೇಳಬೇಕಾದ ಸಂಗತಿಗಳಿವೆ. ಹೊಸ ಪುಲ್ಲಿಯು ಹಳೆಯದರ ನಡುವಿನ ಉಬ್ಬಿನಲ್ಲಿ ಆಟವಿಲ್ಲದೆ ಕೂರಬೇಕು. ಬರಿಯ ಬೋಲ್ಟುಗಳ ಆಧಾರದಲ್ಲಿ ನಿಲ್ಲಿಸಿದರೆ ಕೂದಲೆಳೆಯಷ್ಟು ಓರೆಯಾದರೂ ತಿರುಗುವಾಗ ಅದು ಕುಣಿಯುತ್ತದೆ. ಆ ಕುಣಿತ ಕ್ರ್ಯಾಂಕಿನ ಮುಂದಿನ ಬೇರಿಂಗಿಗೂ ಆಯಿಲ್ ಸೀಲಿಗೂ ಕೆಟ್ಟದ್ದು. ಹಳೆಯ ಅಂಬಾಸಿಡರಿನಲ್ಲಿ ಮುಂದಿನಿಂದ ಹ್ಯಾಂಡಲ್ ಹಾಕಿ ಎಂಜಿನ್ ಚಾಲೂ ಮಾಡುವ ಏರ್ಪಾಡಿದೆ. ಆ ಹ್ಯಾಂಡಲ್ ಸಿಕ್ಕಿಕೊಳ್ಳುವ ದೊಡ್ಡ ನಟ್ಟೇ ಕ್ರ್ಯಾಂಕ್ ಪುಲ್ಲಿಯನ್ನು ಹಿಡಿದಿರುವುದು. ಹೊಸ ಪುಲ್ಲಿಯ ನಡುವೆ ಅದಕ್ಕೆ ದಾರಿ ಬಿಡಬೇಕು, ಬಿಚ್ಚಲು ಸ್ಪ್ಯಾನರೂ ಹೋಗಬೇಕು. ಹಳೆಯ ಪುಲ್ಲಿಯ ಅಂಚಿನಲ್ಲಿ ಟೈಮಿಂಗ್ ನೋಡಲು ಒಂದು ಕಚ್ಚು ಇರುತ್ತದೆ. ಹೊಸದು ಅದನ್ನು ಮುಚ್ಚುವುದಾದರೆ ಮೊದಲೇ ಅದೇ ನೇರದಲ್ಲಿ ಹೊಸ ಪುಲ್ಲಿಯ ಮೇಲೂ ಗುರುತು ಕೊರೆಸಿಡಿ. ಇಷ್ಟು ಚಿಕ್ಕ ವಿಷಯ ಮರೆತು, ಮುಂದೆ ಟ್ಯೂನಿಂಗಿಗೆ ಬಂದಾಗ ಮೇಸ್ತ್ರಿ ಕಿವಿಯ ಅಂದಾಜಿನಲ್ಲಿ ಟೈಮಿಂಗ್ ಇಡುವ ಪಾಡು ಬೇಡ.

ಪುಲ್ಲಿಯ ಅಳತೆ ಎಷ್ಟಿರಬೇಕು? ಕ್ರ್ಯಾಂಕ್ ಪುಲ್ಲಿ ಎಷ್ಟು ದೊಡ್ಡದೋ ಕಂಪ್ರೆಸರ್ ಅಷ್ಟು ಜೋರಾಗಿ ತಿರುಗುತ್ತದೆ. ಕ್ರ್ಯಾಂಕಿನದು 140 ಮಿಲಿಮೀಟರ್, ಕಂಪ್ರೆಸರಿನದು 125 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗಿದರೆ ಕಂಪ್ರೆಸರ್ ಸುಮಾರು 900 ಸುತ್ತು ತಿರುಗುತ್ತದೆ. ಎಂಜಿನ್ 4500ಕ್ಕೆ ಏರಿದರೆ ಇದು 5000 ದಾಟುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗಲೂ ತಂಪು ಬೇಕೆಂದು ಕ್ರ್ಯಾಂಕ್ ಪುಲ್ಲಿಯನ್ನು ಹಿಗ್ಗಿಸುತ್ತ ಹೋದರೆ ಹೆದ್ದಾರಿಯಲ್ಲಿ ಕಂಪ್ರೆಸರ್ ಮಿತಿ ಮೀರಿ ಓಡುತ್ತದೆ. ತಯಾರಿಸಿದವರು ಹೇಳಿರುವ ಗರಿಷ್ಠ ವೇಗವನ್ನು ಮೊದಲು ತಿಳಿದುಕೊಂಡು, ಎಂಜಿನ್ನಿನ ಮೇಲಿನ ವೇಗದಿಂದ ಹಿಂದಕ್ಕೆ ಲೆಕ್ಕ ಹಾಕಿ ಪುಲ್ಲಿ ಗೊತ್ತುಮಾಡುವುದು ಸರಿಯಾದ ಕ್ರಮ.

ಇನ್ನು ಬೆಲ್ಟು ಎಳೆಯುವ ಭಾರ. ಕ್ರ್ಯಾಂಕ್ ಪುಲ್ಲಿ 120 ಮಿಲಿಮೀಟರಿನದಾಗಿದ್ದು ಎಂಜಿನ್ 800 ಸುತ್ತಿನಲ್ಲಿ ಐಡ್ಲಿಂಗ್ ಮಾಡುತ್ತಿದ್ದರೆ ಬೆಲ್ಟು ಸೆಕೆಂಡಿಗೆ ಐದು ಮೀಟರ್ ಸಾಗುತ್ತದೆ. ಆ ಹೊತ್ತಿಗೆ ಕಂಪ್ರೆಸರ್ ಎರಡು ಅಶ್ವಶಕ್ತಿ, ಅಂದರೆ ಸುಮಾರು 1500 ವ್ಯಾಟ್ ಕೇಳಿದರೆ ಬೆಲ್ಟು 30 ಕಿಲೋ ತೂಕದಷ್ಟು ಜಗ್ಗಬೇಕಾಗುತ್ತದೆ. ಹೆದ್ದಾರಿಯಲ್ಲಿ ಎಂಜಿನ್ 2400 ಸುತ್ತಿಗೆ ಏರಿದಾಗ ಕಂಪ್ರೆಸರ್ ದುಪ್ಪಟ್ಟು ಶಕ್ತಿ ಕೇಳಿದರೂ ಬೆಲ್ಟಿನ ವೇಗ ಮೂರು ಪಟ್ಟಾಗಿರುತ್ತದೆ. ಹಾಗಾಗಿ ಜಗ್ಗುವ ಭಾರ 20 ಕಿಲೋಗೆ ಇಳಿಯುತ್ತದೆ. ಜೋರಾಗಿ ಓಡಿಸುವಾಗ ಸುಮ್ಮನಿರುವ ಬೆಲ್ಟು ಸಿಗ್ನಲ್ಲಿನಲ್ಲಿ ನಿಂತಾಗ ಕಿರುಚುವುದು ಇದರಿಂದಲೇ.

ಅಷ್ಟು ಭಾರವನ್ನು ಒಂದು ರಬ್ಬರಿನ ಪಟ್ಟಿ ಹೇಗೆ ಹೊರುತ್ತದೆ? ಅದರ ಅಡ್ಡಕೊಯ್ತ ನೋಡಿ. ಮೇಲೆ ಅಗಲ, ಕೆಳಗೆ ಕಿರಿದು, ಎರಡೂ ಬದಿ ಇಳಿಜಾರು. ಮರ ಸೀಳುವ ಬೆಣೆಯ ಹಾಗೆ ಅದು ತೋಡಿನೊಳಗೆ ಇಳಿದು ಎರಡೂ ಗೋಡೆಗಳನ್ನು ಒತ್ತಿ ಹಿಡಿಯುತ್ತದೆ. ತೋಡಿನ ಕೋನ 36 ಡಿಗ್ರಿ ಇದ್ದರೆ ಚಪ್ಪಟೆ ಬೆಲ್ಟಿಗಿಂತ ಮೂರು ಪಟ್ಟಿಗೂ ಮಿಕ್ಕಿ ಹಿಡಿತ ಸಿಗುತ್ತದೆ. ಕೆಲಸ ಮಾಡುವುದು ಬದಿಗಳು, ತಳವಲ್ಲ. ಬೆಲ್ಟು ಎಂದೂ ತೋಡಿನ ತಳವನ್ನು ಮುಟ್ಟಬಾರದು, ಅದರ ಮೇಲ್ಮೈ ಪುಲ್ಲಿಯ ಅಂಚಿಗೆ ಸಮನಾಗಿ ಇರಬೇಕು. ಹಳೆಯ ಪುಲ್ಲಿಯ ತೋಡಿನ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟು ತಳ ಮುಟ್ಟಿ ಜಾರುತ್ತಿದೆ ಎಂದೇ ಅರ್ಥ. ಒಂದೋ ಗೋಡೆ ಸವೆದಿದೆ, ಇಲ್ಲವೆ ಬೆಲ್ಟಿನ ಅಗಲವೇ ತಪ್ಪು. ಕಂಪ್ರೆಸರುಗಳ ಪುಲ್ಲಿಯಲ್ಲಿ ಹೆಚ್ಚಾಗಿ 13 ಮಿಲಿಮೀಟರ್ ಅಗಲದ ಬೆಲ್ಟಿಗೆ ತೋಡು ಇರುತ್ತದೆ. ಅದರಲ್ಲಿ 10 ಮಿಲಿಮೀಟರಿನ ಫ್ಯಾನ್ ಬೆಲ್ಟು ಹಾಕಿದರೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಹೊಸ ಕಾರುಗಳ ಗೆರೆಗೆರೆಯ ಚಪ್ಪಟೆ ಬೆಲ್ಟಿನ ಕಂಪ್ರೆಸರ್ ಸಿಕ್ಕಿತೆಂದು ತಂದರೆ ಕ್ರ್ಯಾಂಕಿನ ಪುಲ್ಲಿಯೂ ಅದೇ ಜಾತಿಯದಾಗಬೇಕು. ಎರಡು ಜಾತಿ ಒಂದೇ ಬೆಲ್ಟಿನಲ್ಲಿ ಕೂಡುವುದಿಲ್ಲ.

ಈಗ ಬ್ರಾಕೆಟ್ಟಿನ ಮಾತು. ಕಂಪ್ರೆಸರ್ ಕೂರಬೇಕಾದದ್ದು ಎಂಜಿನ್ನಿನ ಮೈಮೇಲೆ. ಬಾಡಿಗೆ, ಚಾಸಿಗೆ, ರೇಡಿಯೇಟರಿನ ಚೌಕಟ್ಟಿಗೆ ಎಂದೂ ಅಲ್ಲ. ಎಂಜಿನ್ ರಬ್ಬರ್ ಮೌಂಟಿಂಗುಗಳ ಮೇಲೆ ಕೂತಿರುತ್ತದೆ. ಚಾಲೂ ಮಾಡಿದಾಗ, ಆಕ್ಸಿಲರೇಟರ್ ತುಳಿದಾಗ ಅದು ಒಂದು ಬದಿಗೆ ವಾಲುತ್ತದೆ. ಕಂಪ್ರೆಸರ್ ಬಾಡಿಯ ಮೇಲಿದ್ದರೆ ಎರಡು ಪುಲ್ಲಿಗಳ ನಡುವಿನ ದೂರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಬ್ರಾಕೆಟ್ಟಿಗೆ ದಪ್ಪ ತಗಡು ಸಾಲದು, ಎಂಟು ಮಿಲಿಮೀಟರಿನ ಪ್ಲೇಟು ಬೇಕು. ಅದನ್ನು ಬ್ಲಾಕಿನ ಕನಿಷ್ಠ ಮೂರು ಬೋಲ್ಟು ಹಿಡಿದಿರಬೇಕು. ಎರಡೇ ಬೋಲ್ಟಿನ ಮೇಲೆ ನಿಂತ ಬ್ರಾಕೆಟ್ಟು ಬಾಗಿಲು ಕೀಲಿನ ಮೇಲೆ ತೂಗಿದಂತೆ ಅಲ್ಲಾಡತೊಡಗುತ್ತದೆ. ಹಳೆಯ ಎರಡು ಸಿಲಿಂಡರಿನ ಕಂಪ್ರೆಸರುಗಳು ಪ್ರತಿ ಸುತ್ತಿಗೂ ಗುದ್ದು ಕೊಡುತ್ತವೆ, ಬ್ರಾಕೆಟ್ಟಿನ ವೆಲ್ಡಿಂಗು ಸೀಳುವುದು ಆ ಗುದ್ದಿನಿಂದ. ಐದು ಸಿಲಿಂಡರಿನ ದುಂಡನೆಯ ಕಂಪ್ರೆಸರು ನಯವಾಗಿ ತಿರುಗುತ್ತದೆ. ಆಯ್ಕೆ ಇದ್ದರೆ ಅದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಪುಲ್ಲಿಗಳನ್ನು ಒಂದೇ ನೇರಕ್ಕೆ ತರುವ ಕೆಲಸಕ್ಕೆ. ತಪ್ಪು ಎರಡು ಬಗೆಯಲ್ಲಿ ಆಗುತ್ತದೆ. ಎರಡು ಪುಲ್ಲಿಯೂ ನೆಟ್ಟಗಿದ್ದು ಒಂದು ಮುಂದೆ ಒಂದು ಹಿಂದೆ ಇರಬಹುದು. ಅಥವಾ ನಡುವೆ ನೇರವಿದ್ದೂ ಒಂದು ಪುಲ್ಲಿ ಓರೆಯಾಗಿ ನೋಡುತ್ತಿರಬಹುದು. ಮೊದಲನೆಯದನ್ನು ವಾಷರೋ ಶಿಮ್ಮೋ ಹಾಕಿ ಸರಿಪಡಿಸಬಹುದು. ಎರಡನೆಯದಕ್ಕೆ ಬ್ರಾಕೆಟ್ಟಿನ ಮುಖವನ್ನೇ ಸರಿಮಾಡಬೇಕು, ವಾಷರ್ ತುರುಕಿದರೆ ಇನ್ನಷ್ಟು ಕೆಡುತ್ತದೆ. ನೋಡುವ ವಿಧಾನ ಸರಳ. ಉದ್ದನೆಯ ಉಕ್ಕಿನ ಸ್ಕೇಲನ್ನು ಎರಡು ಪುಲ್ಲಿಗಳ ಮುಖಕ್ಕೆ ಒತ್ತಿ ಹಿಡಿಯಬೇಕು. ಸ್ಕೇಲು ಹಿಡಿಯಲು ಜಾಗವಿಲ್ಲದಿದ್ದರೆ ಬಿಗಿಯಾಗಿ ಎಳೆದ ದಾರವೂ ಆದೀತು. ಪ್ರತಿ ಪುಲ್ಲಿಯ ಅಂಚಿನ ಎರಡೂ ಬದಿಯಲ್ಲಿ, ಒಟ್ಟು ನಾಲ್ಕು ಕಡೆ ಅದು ತಾಗಬೇಕು. ಪುಲ್ಲಿಗಳ ಅಂಚಿನ ದಪ್ಪ ಬೇರೆಬೇರೆಯಾಗಿದ್ದರೆ ಮುಖ ನೋಡಿ ಫಲವಿಲ್ಲ. ಆಗ ತೋಡಿನ ನಡುಮಧ್ಯದಿಂದ ಅಳೆಯಬೇಕು. ತೋಡಿನಲ್ಲಿ ಕೂರುವಂಥ ನೆಟ್ಟನೆಯ ಕಂಬಿಯ ತುಂಡನ್ನು ಇಟ್ಟು ಕಣ್ಣು ಹಾಯಿಸಿದರೆ ಅಂತರ ತಿಳಿಯುತ್ತದೆ. ಪುಲ್ಲಿಗಳ ನಡುವೆ ಒಂದು ಅಡಿ ದೂರವಿದ್ದರೆ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಆಚೀಚೆ ಇರಬಾರದು. ಇದಕ್ಕಿಂತ ಮೀರಿದರೆ ಬೆಲ್ಟಿನ ಒಂದೇ ಬದಿ ಸವೆಯುತ್ತದೆ, ಕರಿಯ ಪುಡಿ ಬಾನೆಟ್ಟಿನ ಒಳಮೈಗೆಲ್ಲ ಹಾರಿರುತ್ತದೆ, ಕೊನೆಗೆ ಬೆಲ್ಟು ಮಗುಚಿ ಹೊರಗೆ ಬೀಳುತ್ತದೆ. ಬೆಲ್ಟು ಬಿಗಿದ ಮೇಲೆ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಲೇಬೇಕು. ಸಡಿಲವಿದ್ದಾಗ ನೇರವಾಗಿದ್ದ ಬ್ರಾಕೆಟ್ಟು ಬಿಗಿದಾಗ ಬಾಗುವುದುಂಟು. ಬಾಗಿದರೆ ಆ ಬ್ರಾಕೆಟ್ಟು ಸಾಲದು, ಇನ್ನೊಂದು ಮಾಡಿಸಬೇಕು.

ಬಿಗಿಯಲು ಬೇಕಾದ ಚಿಕ್ಕ ಪುಲ್ಲಿಯನ್ನು ವರ್ಕ್‌ಶಾಪಿನಲ್ಲಿ ಐಡ್ಲರ್ ಎನ್ನುತ್ತಾರೆ. ಅದನ್ನು ಎಲ್ಲಿ ಇಡುತ್ತೀರಿ ಎಂಬುದು ಮುಖ್ಯ. ಕ್ರ್ಯಾಂಕ್ ಪುಲ್ಲಿ ಬೆಲ್ಟನ್ನು ತನ್ನತ್ತ ಎಳೆದುಕೊಳ್ಳುವ ಬದಿ ಬಿಗಿಯಾಗಿರುತ್ತದೆ, ಕ್ರ್ಯಾಂಕಿನಿಂದ ಹೊರಡುವ ಬದಿ ಸಡಿಲ. ಐಡ್ಲರ್ ಇರಬೇಕಾದದ್ದು ಸಡಿಲ ಬದಿಯಲ್ಲಿ. ಬಿಗಿ ಬದಿಯಲ್ಲಿಟ್ಟರೆ ಕಂಪ್ರೆಸರಿನ ಪೂರ್ತಿ ಭಾರ ಅದರ ಪುಟ್ಟ ಬೇರಿಂಗಿನ ಮೇಲೆ ಬೀಳುತ್ತದೆ. ಬೆಲ್ಟು ಕಂಪ್ರೆಸರ್ ಪುಲ್ಲಿಯನ್ನು ಎಷ್ಟು ದೂರ ಸುತ್ತಿಕೊಂಡಿದೆ ಎಂಬುದನ್ನೂ ನೋಡಬೇಕು. ಅರ್ಧ ಸುತ್ತು, ಅಂದರೆ 180 ಡಿಗ್ರಿ ಇದ್ದರೆ ಚೆನ್ನ. ಅದು 120 ಡಿಗ್ರಿಗೆ ಇಳಿದರೆ ಬೆಲ್ಟಿನ ಶಕ್ತಿಯಲ್ಲಿ ಐದರಲ್ಲೊಂದು ಭಾಗ ಹೋದ ಹಾಗೆ.

ಬೆಲ್ಟಿನ ಉದ್ದಕ್ಕೆ ಅಂಗಡಿಯವರ ಅಂದಾಜನ್ನು ನಂಬಬೇಡಿ. ಐಡ್ಲರನ್ನು ಸಡಿಲದ ಕೊನೆಗೆ ತಂದಿಟ್ಟು, ಪುಲ್ಲಿಗಳ ಸುತ್ತ ದಾರ ಹಾಯಿಸಿ ಅಳೆಯಿರಿ. ಎರಡೇ ಪುಲ್ಲಿಯಾದರೆ, ಎರಡೂ ಸಮವಾಗಿದ್ದರೆ, ಲೆಕ್ಕ ಇನ್ನೂ ಸುಲಭ. ನಡುವಿನ ದೂರದ ಎರಡರಷ್ಟಕ್ಕೆ ಒಂದು ಪುಲ್ಲಿಯ ಸುತ್ತಳತೆ ಕೂಡಿಸಿದರಾಯಿತು. ದೂರ 300, ಪುಲ್ಲಿ 130 ಮಿಲಿಮೀಟರ್ ಎಂದಾದರೆ ಉದ್ದ ಸುಮಾರು 1008 ಮಿಲಿಮೀಟರ್. ಬೆಲ್ಟಿನ ಮೇಲೆ ಎ-40 ಎಂಬಂಥ ಸಂಖ್ಯೆ ಇದ್ದರೆ ಅದರಲ್ಲಿನ 40 ಒಳಸುತ್ತಿನ ಇಂಚುಗಳು. ಬೆಲ್ಟಿನ ಒಳಗಿನ ನೂಲು ಇರುವ ಮಟ್ಟದಲ್ಲಿ ಅಳೆದರೆ ಅದೇ ಬೆಲ್ಟು ಮೂರು ಸೆಂಟಿಮೀಟರಿಗೂ ಮಿಕ್ಕಿ ಉದ್ದವಿರುತ್ತದೆ. ಈ ವ್ಯತ್ಯಾಸ ತಿಳಿಯದೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಮತ್ತೆ ಮತ್ತೆ ಅಲೆಯುವವರು ಎಷ್ಟೋ ಮಂದಿ. ಹಳೆಯ ಬೆಲ್ಟನ್ನು ಮಾದರಿಗೆ ಒಯ್ದರೂ ಅದು ಹಿಗ್ಗಿರುತ್ತದೆ ಎಂಬುದು ನೆನಪಿರಲಿ.

ಬೆಲ್ಟು ಏರಿಸುವಾಗ ಸ್ಕ್ರೂಡ್ರೈವರ್ ತುರುಕಿ ಪುಲ್ಲಿಯ ಅಂಚಿನ ಮೇಲೆ ಮೀಟುವುದು ಎಲ್ಲೆಡೆ ಕಾಣುವ ಅಭ್ಯಾಸ. ಬೆಲ್ಟಿನ ಜೀವ ಇರುವುದು ಒಳಗಿನ ನೂಲಿನ ಎಳೆಗಳಲ್ಲಿ. ಮೀಟಿದಾಗ ಆ ಎಳೆಗಳು ಒಳಗೇ ತುಂಡಾಗುತ್ತವೆ, ಹೊರಗೆ ಏನೂ ಕಾಣುವುದಿಲ್ಲ, ಕೆಲವು ವಾರದ ನಂತರ ಬೆಲ್ಟು ಹರಿಯುತ್ತದೆ. ಐಡ್ಲರನ್ನು ಪೂರ್ತಿ ಸಡಿಲಿಸಿದರೆ ಬೆಲ್ಟು ಕೈಯಲ್ಲೇ ಕೂರಬೇಕು. ಆಮೇಲೆ ಬಿಗಿಯಿರಿ. ಉದ್ದನೆಯ ಬದಿಯ ನಡುವೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ಸುಮಾರು 10 ಮಿಲಿಮೀಟರ್ ತಗ್ಗಬೇಕು. ಕಾಲು ಗಂಟೆ ಎಂಜಿನ್ ಓಡಿಸಿ, ನಿಲ್ಲಿಸಿ, ಆರಿದ ಮೇಲೆ ಮತ್ತೆ ನೋಡಿ. ಹೊಸ ಬೆಲ್ಟು ತೋಡಿನಲ್ಲಿ ಕೂತು ಸ್ವಲ್ಪ ಹಿಗ್ಗಿರುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ. ಕಿರುಚುವ ಬೆಲ್ಟಿಗೆ ಸಾಬೂನು, ಮೇಣ, ಸ್ಪ್ರೇ ಹಚ್ಚುವುದು ಮದ್ದಲ್ಲ. ಸದ್ದು ಅಡಗಿದರೂ ಕಾರಣ ಅಲ್ಲೇ ಇರುತ್ತದೆ.

ಕ್ಲಚ್ಚಿನ ತಟ್ಟೆಗೂ ಪುಲ್ಲಿಗೂ ನಡುವೆ ಅರ್ಧ ಮಿಲಿಮೀಟರಿನ ಆಸುಪಾಸು ಅಂತರವಿರಬೇಕು. ಹೆಚ್ಚಾದರೆ ತಟ್ಟೆ ಅಂಟದೆ ಉಜ್ಜಿ ಸುಡುತ್ತದೆ, ಆ ವಾಸನೆಯನ್ನು ಬೆಲ್ಟಿನದೆಂದು ತಿಳಿದು ಹೊಸ ಬೆಲ್ಟು ಹಾಕುವವರಿದ್ದಾರೆ. ಕ್ಲಚ್ಚು, ಒಳಗಿನ ಬ್ಲೋವರ್, ಕಂಡೆನ್ಸರಿನ ಫ್ಯಾನು ಸೇರಿ 20 ಆಂಪಿಯರ್ ಮೀರಬಹುದು. ಹಳೆಯ ಡೈನಮೊಗೆ ಅದು ಹೊರೆ, ಆಲ್ಟರ್ನೇಟರ್ ಹಾಕಿಸಲೇಬೇಕು. ಐಡ್ಲಿಂಗಿನಲ್ಲಿ ಕ್ಲಚ್ ಅಂಟಿದಾಗ ಎಂಜಿನ್ ಆರಿಹೋಗದಂತೆ ಕಾರ್ಬ್ಯುರೇಟರಿಗೆ ವೇಗ ಏರಿಸುವ ಚಿಕ್ಕ ಸಾಧನವೊಂದನ್ನೂ ಜೋಡಿಸಬೇಕು.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಇಟ್ಟುಕೊಂಡವರ ದಾರಿ ಸುಲಭ. ಆ ಕಾರು ಎ.ಸಿ. ಇರುವ ಮಾದರಿಯಲ್ಲೂ ಬಂದದ್ದರಿಂದ ಕಂಪನಿಯದೇ ಬ್ರಾಕೆಟ್ಟು, ಪುಲ್ಲಿ, ಐಡ್ಲರ್ ಹುಡುಕಿದರೆ ಸಿಗುತ್ತವೆ. ಅವು ಇರುವಾಗ ಕೈಯಿಂದ ಬ್ರಾಕೆಟ್ಟು ಮಾಡಿಸುವುದು ದುಡ್ಡಿಗೂ ನಷ್ಟ, ಎಂಜಿನ್ನಿಗೂ ನಷ್ಟ. ಇನ್ನು, ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಕಾಣುವಂಥ ಅಪರೂಪದ ಕಾರೊಂದು ನಿಮ್ಮ ಬಳಿ ಇದ್ದರೆ ಅದಕ್ಕೆ ಎ.ಸಿ. ಬೇಡವೇ ಬೇಡ. ಮೂಲ ಬ್ಲಾಕಿಗೂ ಬಾಡಿಗೂ ಹೊಸ ತೂತು ಕೊರೆಯುವ ಹಕ್ಕು ನಮಗಿಲ್ಲವೆಂದೇ ನನ್ನ ನಂಬಿಕೆ. ದಿನವೂ ಓಡಿಸುವ ಕಾರಿನ ಮಾತು ಬೇರೆ.

ಬೆಲ್ಟು ಬದಲಿಸಲು ಎ.ಸಿ.ಯ ಗ್ಯಾಸ್ ಬಿಚ್ಚುವ ಅಗತ್ಯವಿಲ್ಲ. ಪೈಪು ಹಾಗೆಯೇ ಇರುವಂತೆ ಕಂಪ್ರೆಸರನ್ನು ಸಡಿಲಿಸಿ ಸರಿಸಬಹುದು. ಹಳೆಯ ಆರ್-12 ಗ್ಯಾಸ್ ಓಝೋನ್ ಪದರಕ್ಕೆ ಕೇಡು ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ನಿಂತಿತು. ಈಗ ತುಂಬುವ ಆರ್-134ಎ ಗ್ಯಾಸಿಗೆ ಬೇರೆಯದೇ ಎಣ್ಣೆ ಬೇಕು. ಯಾವುದೇ ಗ್ಯಾಸನ್ನು ಗಾಳಿಗೆ ಬಿಡಬೇಡಿ.

ಕಡೆಯದಾಗಿ ಒಂದು ವಿನಂತಿ. ಬೆಲ್ಟು, ಪುಲ್ಲಿ ಮುಟ್ಟುವ ಮುನ್ನ ಎಂಜಿನ್ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಿ, ಬ್ಯಾಟರಿಯ ಒಂದು ತಂತಿ ಕಳಚಿ. ಪಂಚೆಯ ಅಂಚು, ಟವೆಲ್ಲು, ಸೆರಗು, ದುಪಟ್ಟಾ, ಕೈಗಡಿಯಾರ, ಕೈಬಳೆ ಯಾವುದೂ ಪುಲ್ಲಿಯ ಹತ್ತಿರ ಸುಳಿಯದಿರಲಿ. ಕೆಲಸ ಕಲಿಯಲು ಬಂದ ಹುಡುಗರಿಗೆ ಇದನ್ನು ಮೊದಲ ದಿನವೇ ಹೇಳಿ. ತಿರುಗುವ ಬೆಲ್ಟಿಗೂ ಪುಲ್ಲಿಗೂ ನಡುವೆ ಸಿಕ್ಕ ಬೆರಳು ಉಳಿಯುವುದಿಲ್ಲ.